ಎಫ್‌ಟಿ8 ಒಂದಿದ್ದರೆ ಸಾಕೇ?

ತಪ್ಪು ಕಲ್ಪನೆ: ಬ್ಯಾಂಡ್ ಕೆಟ್ಟಿರುವಾಗ ಹ್ಯಾಮ್ ರೇಡಿಯೊದವರಿಗೆ ಎಫ್‌ಟಿ8 ಎಂಬ ಡಿಜಿಟಲ್ ಮೋಡ್ ಒಂದೇ ಗತಿ. ಗದ್ದಲದಡಿ ಹೂತುಹೋದ ಸಂಕೇತವನ್ನೂ ಅದು ಹೆಕ್ಕುತ್ತದೆ. ವಿಪತ್ತಿನಲ್ಲೂ ಅದೇ ಕೈಹಿಡಿಯುತ್ತದೆ.

ಸತ್ಯ: ಎಫ್‌ಟಿ8ರ ಸಾಮರ್ಥ್ಯ ದೊಡ್ಡದೇ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕ್ ಜೊತೆಗೂಡಿ 2017ರಲ್ಲಿ ಹೊರತಂದ ಈ ಮೋಡ್ ಮೈನಸ್ 21 ಡೆಸಿಬೆಲ್ ಆಸುಪಾಸಿನ ಸಂಕೇತವನ್ನೂ ಓದುತ್ತದೆ. ಆದರೆ ಆ ಅಂಕಿಯನ್ನು ಲೆಕ್ಕ ಹಾಕುವುದು 2,500 ಹರ್ಟ್ಸ್ ಅಗಲದ ಇಡೀ ಗದ್ದಲದ ಎದುರು. ಎಫ್‌ಟಿ8ರ ಸ್ವರಗಳ ನಡುವಿನ ಅಂತರ ಬರೀ 6.25 ಹರ್ಟ್ಸ್. ಅಷ್ಟು ಕಿರಿದಾದ ಕಿಂಡಿಯೊಳಗೆ ನುಸುಳುವ ಗದ್ದಲ 400ರಲ್ಲಿ ಒಂದು ಪಾಲು, ಅಂದರೆ 26 ಡೆಸಿಬೆಲ್ ಕಡಿಮೆ. ಅಲ್ಲಿ ಸಂಕೇತ ಗದ್ದಲಕ್ಕಿಂತ ಸುಮಾರು 5 ಡೆಸಿಬೆಲ್ ಮೇಲೆಯೇ ಇರುತ್ತದೆ.

ಇದಕ್ಕೆ ತೆರುವ ಬೆಲೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. 15 ಸೆಕೆಂಡಿನ ಒಂದು ಸರದಿಯಲ್ಲಿ ಹೋಗುವುದು 77 ಬಿಟ್. ಕಾಲ್‌ಸೈನ್, ಗ್ರಿಡ್, ಸಂಕೇತದ ವರದಿಗೆ ಅದು ಸಾಕು. ಸ್ವಂತ ಮಾತಿಗೆ ಸಿಗುವುದು 13 ಇಂಗ್ಲಿಷ್ ಅಕ್ಷರ ಮಾತ್ರ. ನೆರೆಯಲ್ಲಿ ಸಿಕ್ಕಿಕೊಂಡವರ ಊರು, ಸಂಖ್ಯೆ, ಬೇಕಾದ ಔಷಧಿ ತಿಳಿಸಲು 130 ಅಕ್ಷರ ಬೇಕೆಂದುಕೊಳ್ಳಿ. ಸರದಿ ಬಿಟ್ಟು ಸರದಿ ಕಳಿಸಿದರೆ ಐದು ನಿಮಿಷ. ನಡುವೆ ಒಂದು ತುಂಡು ತಪ್ಪಿದರೆ ಮತ್ತೆ ಕಳಿಸಬೇಕು. ಎರಡೂ ಕಡೆಯ ಗಡಿಯಾರಗಳೂ ಹೊಂದಿಕೊಂಡಿರಬೇಕು. ಇಂಟರ್‌ನೆಟ್ ಬಿದ್ದಾಗ ಜಿಪಿಎಸ್ ಇಲ್ಲದ ಲ್ಯಾಪ್‌ಟಾಪಿನ ಸಮಯ ಜಾರುತ್ತಾ ಹೋಗುತ್ತದೆ.

ಪೋಲೆಂಡಿನ ಪಾವೆಲ್ ಯಾಲೋಖಾ ರೂಪಿಸಿದ ಒಲಿವಿಯಾ ಮೋಡ್‌ಗೆ ಈ ತೊಡಕಿಲ್ಲ. 1,000 ಹರ್ಟ್ಸ್ ಅಗಲ, 32 ಸ್ವರಗಳ ಒಲಿವಿಯಾ ಅದೇ 130 ಅಕ್ಷರಗಳನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ಐದೈದು ಅಕ್ಷರಗಳನ್ನು ಒಂದರ ಹಿಂದೊಂದು ಬರುವ 64 ಸ್ವರಗಳ ಉದ್ದಕ್ಕೂ ಹರಡಿ ಕಳಿಸುವುದರಿಂದ, ನಡುವೆ ಸಿಡಿಲಿನ ಚಟಪಟ ಒಂದಷ್ಟನ್ನು ನುಂಗಿದರೂ ಪಠ್ಯ ಉಳಿಯುತ್ತದೆ. ಎಫ್‌ಟಿ8ರಷ್ಟು ಕ್ಷೀಣ ಸಂಕೇತವನ್ನು ಅದು ಹಿಡಿಯಲಾರದು, ನಿಜ. ಅಷ್ಟು ಕೆಳಗಿಳಿದಾಗ ಎಫ್‌ಟಿ8ರಿಂದಲೇ ಹುಟ್ಟಿದ ಜೆಎಸ್8ಕಾಲ್ ಇದೆ: ನಿಧಾನ, ಆದರೆ ಪೂರ್ತಿ ವಾಕ್ಯ ತಲುಪುತ್ತದೆ.

ತಪ್ಪು ಕಲ್ಪನೆ: ಮೋಡ್ ಕಿರಿದಾದಷ್ಟೂ ಗಟ್ಟಿ.

ಸತ್ಯ: 1998ರಲ್ಲಿ ಪೀಟರ್ ಮಾರ್ಟಿನೆಜ್ ಕೊಟ್ಟ ಪಿಎಸ್‌ಕೆ31 ತೀರಾ ಕಿರಿದು. ಬ್ಯಾಂಡ್ ಶಾಂತವಾಗಿದ್ದರೆ ಹರಟೆಗೆ ಸೊಗಸು. ಆದರೆ ಅದು ಅಕ್ಷರಗಳನ್ನು ಅಡಗಿಸುವುದು ತರಂಗದ ಫೇಸ್ ಬದಲಾವಣೆಯಲ್ಲಿ. ಧ್ರುವಪ್ರದೇಶದ ಮೇಲೆ ಹಾಯುವಾಗ ಅಯಾನುಗೋಳವೇ ಫೇಸನ್ನು ಕಲಕಿಬಿಡುತ್ತದೆ. ಸಂಕೇತ ಜೋರಾಗಿ ಕೇಳುತ್ತಿದ್ದರೂ ಪರದೆಯ ಮೇಲೆ ಬರುವುದು ಕಸ. ಸಾಮಾನ್ಯವಾಗಿ ಬಳಸುವ ಪಿಎಸ್‌ಕೆ31ರಲ್ಲಿ ತಪ್ಪು ತಿದ್ದುವ ವ್ಯವಸ್ಥೆಯೂ ಇಲ್ಲ. ಆಗ ಆಡಿಯೊ ಏರಿಸುವುದು ಇನ್ನೂ ಕೆಟ್ಟದ್ದು: ಸಂಕೇತ ಅಗಲಕ್ಕೆ ಹರಡಿ ಅಕ್ಕಪಕ್ಕದವರನ್ನೂ ಕೆಡಿಸುತ್ತದೆ.

ಮುಂದಿನ ವಿಪತ್ತು ತಾಲೀಮಿನಲ್ಲಿ ನಿಮ್ಮ ಕ್ಲಬ್ಬಿನವರು ಇಂಟರ್‌ನೆಟ್ ತೆಗೆದು, 130 ಅಕ್ಷರದ ಒಂದೇ ಸಂದೇಶವನ್ನು ಎಫ್‌ಟಿ8ರಲ್ಲೂ ಒಲಿವಿಯಾದಲ್ಲೂ ಕಳಿಸಿ ನೋಡಲಿ. ಯಾವುದು ಪೂರ್ತಿಯಾಗಿ ತಲುಪುತ್ತದೋ ಅದನ್ನು ಮೊದಲು ಕಲಿಸಿ.