ಅಂಗೈಯ ಆಟವೂ ರಸಭಂಗವೂ

ಕಣ್ಣಾರೆ ಕಂಡು ಆನಂದಿಸಿದುದನ್ನು ಕೈಯಾರೆ ಆಡಿ ಮತ್ತೊಮ್ಮೆ ಅನುಭವಿಸಬೇಕೆಂಬ ಹಂಬಲವು ಬಾಲ್ಯಕ್ಕೆ ಸಹಜವಾದುದು. ಬಯಲಾಟವನ್ನು ಕಂಡ ಮರುದಿನವೇ ಮಕ್ಕಳು ರಟ್ಟಿನ ಕಿರೀಟವನ್ನು ಧರಿಸಿ, ಕಟ್ಟಿಗೆಯ ಗದೆಯನ್ನು ಹಿಡಿದು, ಓಣಿಯಲ್ಲಿ ಭೀಮ ದುರ್ಯೋಧನರಾಗುತ್ತಿದ್ದರು. ಚಲನಚಿತ್ರದ ಕಾಲದಲ್ಲಿಯೂ ಆ ಹಂಬಲ ಅಳಿಯಲಿಲ್ಲ. ರೂಪಾಂತರವನ್ನು ಮಾತ್ರ ಹೊಂದಿತು. ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಎಂಬ ಯಂತ್ರವು ಆ ಹಂಬಲವನ್ನೇ ತನ್ನ ಬಂಡವಾಳವನ್ನಾಗಿ ಮಾಡಿಕೊಂಡಿತು.

ಬಳ್ಳಾರಿಯ ಬ್ರೂಸ್‌ಪೇಟೆಯ ಬಾಲಕನೊಬ್ಬನನ್ನು ನಿದರ್ಶನಕ್ಕಾಗಿ ಭಾವಿಸಿಕೊಳ್ಳಬಹುದು. ಹಬ್ಬಕ್ಕೂ ಜಾತ್ರೆಗೂ ಹಿರಿಯರು ಕೊಟ್ಟ ಹಣವನ್ನು ಕೂಡಿಟ್ಟು, ತಾನು ಮೆಚ್ಚಿದ ಚಿತ್ರದ ಹೆಸರನ್ನು ಹೊತ್ತ ಆಟಿಕೆಯೊಂದನ್ನು ಅವನು ಕೊಂಡು ತರುತ್ತಾನೆ. ಪೆಟ್ಟಿಗೆಯ ಮೇಲೆ ನಾಯಕನ ವರ್ಣಮಯ ಚಿತ್ರ, ಉರಿಯುವ ಬೆಂಕಿ, ಹಾರುವ ಕುದುರೆ. ಒಳಗಿರುವುದಾದರೋ ಬೂದುಬಣ್ಣದ ಕೆಲವು ಗುರುತುಗಳು, ಕೀ ಕೀ ಎಂಬ ಒಂದೇ ಸದ್ದು. ಎರಡು ಸಂಜೆ ಗುಂಡಿಗಳನ್ನು ಒತ್ತಿ, ಮೂರನೆಯ ದಿನ ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಾನೆ. “ರೊಕ್ಕ ನೀರಾಗ ಹಾಕಿದಿ ನೋಡಪಾ” ಎಂದು ಅಜ್ಜಿ ಗದರುತ್ತಾಳೆ. ಬಾಲಕನಲ್ಲಿ ಉತ್ತರವಿಲ್ಲ. ಏನೋ ಇಲ್ಲವೆಂಬುದು ಅವನಿಗೆ ತಿಳಿದಿದೆ. ಏನು ಇಲ್ಲವೆಂಬುದನ್ನು ಹೇಳಲು ಮಾತು ದೊರೆತಿಲ್ಲ. ಆ ಮಾತನ್ನು ಒದಗಿಸುವುದೇ ಇಲ್ಲಿಯ ಉದ್ದೇಶ.

ಮೊದಲು ಯಂತ್ರದ ಸ್ವರೂಪವನ್ನು ಅರಿಯಬೇಕು. ಜಪಾನಿನ ನಿಂಟೆಂಡೊ ಸಂಸ್ಥೆಯ ಗುನ್‌ಪೆಯ್ ಯೊಕೊಯ್ ಎಂಬ ತಂತ್ರಜ್ಞರ ಕಲ್ಪನೆಯಿಂದ 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಕೈಯಾಟಿಕೆಗಳು ಹೊರಬಂದವು. ಅಮೆರಿಕದ ಟೈಗರ್ ಮೊದಲಾದ ಸಂಸ್ಥೆಗಳು ಇದೇ ಬಗೆಯ ಯಂತ್ರಗಳಿಗೆ ಜನಪ್ರಿಯ ಚಿತ್ರಗಳ ಹೆಸರನ್ನಿಟ್ಟು ಮಾರಿದವು. ಇವುಗಳಲ್ಲಿ ಗಾಜಿನ ಎರಡು ತೆಳು ಹಲಗೆಗಳ ನಡುವೆ ದ್ರವಸ್ಫಟಿಕವೆಂಬ ವಸ್ತುವಿರುತ್ತದೆ. ನಾಯಕನು ನಿಲ್ಲುವ, ನೆಗೆಯುವ, ಬೀಳುವ ಒಂದೊಂದು ಭಂಗಿಯ ಆಕಾರವನ್ನೂ ಮೊದಲೇ ಗಾಜಿನ ಮೇಲೆ ರೂಪಿಸಿಟ್ಟಿರುತ್ತಾರೆ. ವಿದ್ಯುತ್ತು ಹರಿದ ಆಕಾರ ಕಪ್ಪಾಗಿ ತೋರುತ್ತದೆ, ಉಳಿದವು ಮರೆಯಾಗುತ್ತವೆ. ಆದ್ದರಿಂದ ಅಲ್ಲಿ ನಾಯಕನು ನಡೆಯುವುದೇ ಇಲ್ಲ. ಒಂದು ನೆರಳು ಆರಿ ಮತ್ತೊಂದು ನೆರಳು ಮೂಡುತ್ತದೆ, ಅಷ್ಟೆ. ಕಥೆಯ ಹೆಸರು ಬದಲಾದರೂ ಆಟದ ಕ್ರಮ ಹೆಚ್ಚು ಬದಲಾಗುತ್ತಿರಲಿಲ್ಲ. 1989ರಲ್ಲಿ ಬಂದ ‘ಗೇಮ್ ಬಾಯ್’ ಎಂಬ ಯಂತ್ರವು ಇದಕ್ಕಿಂತ ಸಮರ್ಥವಾದುದು. ಅದರ ತೆರೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144 ಬಿಂದುಗಳು, ಛಾಯೆಗಳು ನಾಲ್ಕು. ಬೆಳ್ಳಿತೆರೆಯನ್ನೆಲ್ಲ ತುಂಬಿದ್ದ ದೃಶ್ಯವು ಈ 23,040 ಬಿಂದುಗಳಲ್ಲಿ ಅಡಗಬೇಕಾಗಿತ್ತು.

ಹಾಗಾದರೆ ನಿರಾಶೆಗೆ ಸಾಧನದ ಬಡತನವೇ ಕಾರಣವೆಂದು ತೀರ್ಮಾನಿಸಬಹುದೆ? ಬಳ್ಳಾರಿಯ ನೆಲವೇ ಇದಕ್ಕೆ ಅಲ್ಲವೆಂದು ಉತ್ತರ ನೀಡುತ್ತದೆ. ತೊಗಲುಗೊಂಬೆಯಾಟದಲ್ಲಿ ಇರುವುದೇನು? ಒಂದು ಬಿಳಿಯ ಪರದೆ, ಒಂದು ದೀಪ, ಹದಗೊಳಿಸಿದ ಚರ್ಮದ ಮೇಲೆ ಬರೆದ ಆಕೃತಿ, ಅದಕ್ಕೆ ಕೆಲವೇ ಕೀಲುಗಳು. ಆದರೂ ಈ ನಗರದ ಹಿರಿಯ ಕಲಾವಿದ ಬೆಳಗಲ್ಲು ವೀರಣ್ಣನವರು ಗೊಂಬೆಗಳನ್ನು ಆಡಿಸಿದಾಗ ನೋಡುಗರು ರಾಮಾಯಣದ ವನದಲ್ಲಿಯೂ ಸ್ವಾತಂತ್ರ್ಯಸಮರದ ಕಣದಲ್ಲಿಯೂ ತಾವೇ ನಿಂತಂತೆ ತನ್ಮಯರಾಗುತ್ತಿದ್ದರು. ಆ ಗೊಂಬೆಯ ಹಿಂದೆ ಹಾಡುವ ಕಂಠವಿತ್ತು, ಸಭೆಯ ಮನವನ್ನರಿತು ಮಾತನ್ನು ಹಿಗ್ಗಿಸುವ ಕುಗ್ಗಿಸುವ ಪ್ರತಿಭೆಯಿತ್ತು. ಕರಸ್ಥಲದಲ್ಲಿ ಹಿಡಿದುದು ಗಾತ್ರದಲ್ಲಿ ಕಿರಿದೆಂಬ ಕಾರಣಕ್ಕೆ ಅಲ್ಪವಾಗದೆಂಬುದನ್ನು ಶರಣಪರಂಪರೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೂಜ್ಯವಾದ ಲಿಂಗದೊಡನೆ ಆಟಿಕೆಯನ್ನು ಹೋಲಿಸುವುದು ಸಲ್ಲದು. ಕಿರಿದಾಗಿರುವುದು ದೋಷವಲ್ಲವೆಂಬುದಿಷ್ಟೇ ಇಲ್ಲಿ ಗ್ರಾಹ್ಯ.

ಎರಡನೆಯ ಕಾರಣ ಅವಸರ. ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಎಂಬ ಚಿತ್ರವು 1982ರಲ್ಲಿ ಜಗತ್ತಿನ ಮಕ್ಕಳ ಮನವನ್ನು ಗೆದ್ದಿತು. ಅದೇ ವರ್ಷದ ಕ್ರಿಸ್‌ಮಸ್ ವ್ಯಾಪಾರಕ್ಕೆ ಒದಗಿಸಬೇಕೆಂದು ಅಟಾರಿ ಸಂಸ್ಥೆಯು ಅದರ ಆಟವನ್ನು ಹೊವರ್ಡ್ ಸ್ಕಾಟ್ ವಾರ್ಷಾ ಎಂಬವರಿಂದ ಸುಮಾರು ಐದು ವಾರಗಳಲ್ಲಿ ಮಾಡಿಸಿತು. ಇದು ಕೈಯಾಟಿಕೆಯಲ್ಲ, ಮನೆಯ ಟಿ.ವಿ.ಗೆ ಜೋಡಿಸಿ ಆಡುವಂಥದು. ಆದರೆ ರೋಗ ಒಂದೇ. ಮನೆಗೆ ಮರಳಲು ಹಂಬಲಿಸಿದ ಆ ಅನ್ಯಲೋಕದ ಜೀವಿ ಆಟದಲ್ಲಿ ಮತ್ತೆ ಮತ್ತೆ ಗುಂಡಿಗೆ ಬೀಳುತ್ತಿತ್ತು, ಮಕ್ಕಳು ಬೇಸತ್ತರು. ಮಾರಾಟವಾಗದೆ ಉಳಿದ ಇದರ ಪ್ರತಿಗಳನ್ನು ಸಂಸ್ಥೆಯ ಬೇರೆ ಆಟಗಳೊಡನೆ 1983ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ತಿಪ್ಪೆಯಲ್ಲಿ ಹೂಳಲಾಯಿತು. 2014ರಲ್ಲಿ ಅಗೆದಾಗ ಸುಮಾರು 1,300 ಪ್ರತಿಗಳು ಮೇಲೆ ಬಂದವು. ಇದಕ್ಕೆ ಪ್ರತಿಯಾಗಿ, 1995ರ ‘ಗೋಲ್ಡನ್ ಐ’ ಚಿತ್ರದ ಆಟವು ಎರಡು ವರ್ಷ ತಡವಾಗಿ, 1997ರಲ್ಲಿ ಬಂದರೂ ಬಹುಜನರ ಮೆಚ್ಚುಗೆಯನ್ನು ಪಡೆಯಿತು. ಹದವರಿತ ಅಡಿಗೆಗೂ ಉರಿ ಹೆಚ್ಚಿಸಿ ಇಳಿಸಿದ ಅಡಿಗೆಗೂ ಇರುವ ಅಂತರವೇ ಇಲ್ಲಿಯೂ ಇದೆ.

ಮೂರನೆಯ ಕಾರಣವು ಎಲ್ಲಕ್ಕೂ ಮೂಲವಾದುದು. ಕಥೆಯ ಧರ್ಮ ಬೇರೆ, ಆಟದ ಧರ್ಮ ಬೇರೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದಲ್ಲಿ ರಸವು ನಿಷ್ಪನ್ನವಾಗುವುದೆಂದು ಭರತಮುನಿಯ ಮತ. ಪಾತ್ರದ ಸುಖದುಃಖಗಳಲ್ಲಿ ನೋಡುಗನು ತನ್ನನ್ನು ಮರೆಯುವುದರಿಂದಲೇ ಅದು ಸಾಧ್ಯ. ಆಟದಲ್ಲಾದರೋ ಆಡುವವನು ತನ್ನನ್ನು ಮರೆಯುವಂತಿಲ್ಲ. ಗೆಲುವು ತನ್ನದು, ಸೋಲೂ ತನ್ನದು. 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಂಪೆಯ ಕವಿ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ನೆನೆಯಬಹುದು. ಅದೇ ಕಥೆಯನ್ನು ಹುಣಸೂರು ಕೃಷ್ಣಮೂರ್ತಿಯವರು 1965ರಲ್ಲಿ ರಾಜಕುಮಾರ್ ಅವರ ಅಭಿನಯದಲ್ಲಿ ‘ಸತ್ಯ ಹರಿಶ್ಚಂದ್ರ’ ಎಂಬ ಚಿತ್ರವನ್ನಾಗಿಸಿದರು. ಈ ಕಥೆಯನ್ನು ಕೈಯಾಟಿಕೆಗೆ ಇಳಿಸಿದರೆ ಏನಾಗಬಹುದು? ರಾಜ್ಯ ಹೋದರೆ ಅಂಕ ಕಳೆಯಿತು. ಸತಿಸುತರನ್ನು ಮಾರಿದರೆ ಪ್ರಾಣವೊಂದು ಕಳೆಯಿತು. ಸ್ಮಶಾನ ಸೇರಿದರೆ ಆಟವೇ ಮುಗಿಯಿತು. ಆದರೆ ಕಾವ್ಯದಲ್ಲಿ ಅರಸನ ಹಿರಿಮೆ ಬೆಳಗುವುದು ಸ್ಮಶಾನದಲ್ಲಿಯೇ. ಒಂದು ಸುಳ್ಳನ್ನಾಡಿದ್ದರೆ ಅವನು ಎಲ್ಲವನ್ನೂ ಉಳಿಸಿಕೊಳ್ಳಬಹುದಾಗಿತ್ತು. ಆಡಲಿಲ್ಲವೆಂಬುದರಿಂದಲೇ ಅವನು ಹರಿಶ್ಚಂದ್ರನಾದನು. ಯಂತ್ರದ ಲೆಕ್ಕದಲ್ಲಿ ಸೋಲೆನಿಸಿದುದು ಕಾವ್ಯದ ಲೆಕ್ಕದಲ್ಲಿ ಪರಮವಿಜಯ. ಅಂಕಗಳನ್ನು ಎಣಿಸುವ ಯಂತ್ರಕ್ಕೆ ಈ ವಿಜಯವನ್ನು ಎಣಿಸಲು ಬಾರದು.

ಇದರಿಂದ ಆಟವು ಕೀಳೆಂದು ತಿಳಿಯಬಾರದು. ಮಾಸ್ಕೋದ ಅಲೆಕ್ಸಿ ಪಜಿಟ್‌ನೊವ್ ಅವರು 1984ರಲ್ಲಿ ರಚಿಸಿದ ‘ಟೆಟ್ರಿಸ್’ ಎಂಬ ಆಟದಲ್ಲಿ ನಾಯಕನಿಲ್ಲ, ಕಥೆಯಿಲ್ಲ; ಮೇಲಿನಿಂದ ಬೀಳುವ ಇಟ್ಟಿಗೆಯಂತಹ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸುವುದಷ್ಟೇ ಕೆಲಸ. ಅದೇ ಬಡ ತೆರೆಯ ‘ಗೇಮ್ ಬಾಯ್’ನಲ್ಲಿಯೂ ಅದು ಕೋಟ್ಯಂತರ ಜನರನ್ನು ತಣಿಸಿತು. ನಮ್ಮ ಚೌಕಾಬಾರ, ಅಳಗುಳಿಮನೆ, ಹುಲಿಕಟ್ಟುಗಳೂ ಇದೇ ಜಾತಿಯವು. ಅವು ಮತ್ತೊಂದರ ಹೆಸರನ್ನು ಹೊತ್ತು ಬರಲಿಲ್ಲ. ಕೊಡಲಾರದುದನ್ನು ಕೊಡುತ್ತೇವೆಂದು ಹೇಳಲಿಲ್ಲ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣ ಇದೇ ಆಗಿದೆ.

ಹೀಗಿರುವಲ್ಲಿ ಆ ಬಾಲಕನ ಹಣ ನೀರುಪಾಲಾಯಿತೆಂದು ಹಿರಿಯರು ಮರುಗಬೇಕಾಗಿಲ್ಲ. ಪೆಟ್ಟಿಗೆಯ ಮೇಲಿನ ಬಣ್ಣಕ್ಕೂ ಒಳಗಿನ ವಸ್ತುವಿಗೂ ಇರುವ ಅಂತರವನ್ನು ಅವನು ಸ್ವಾನುಭವದಿಂದ ಕಂಡಿದ್ದಾನೆ. ಅದಕ್ಕಿಂತ ಮಿಗಿಲಾಗಿ, ತಾನು ಚಿತ್ರದಲ್ಲಿ ಮೆಚ್ಚಿದುದು ನೆಗೆತವನ್ನೂ ಹೊಡೆತವನ್ನೂ ಅಲ್ಲ, ಅವುಗಳ ಹಿಂದಿನ ಭಾವವನ್ನು ಎಂಬುದು ಅವನಿಗೆ ಅರಿವಾಗಿದೆ. ಸಹೃದಯತೆಯ ಮೊದಲ ಮೊಳಕೆಯಿದು. ಗದರಿದರೆ ಅದು ಕಮರುತ್ತದೆ; “ಏನು ಕಡಿಮೆಯಾಯಿತಪ್ಪಾ?” ಎಂದು ಪ್ರೀತಿಯಿಂದ ಕೇಳಿದರೆ ಚಿಗುರುತ್ತದೆ. ಆ ಪ್ರಶ್ನೆಯನ್ನು ಕೇಳುವ ಹಿರಿಯರು ಮನೆಯಲ್ಲಿಯೂ ಶಾಲೆಯಲ್ಲಿಯೂ ಇದ್ದಲ್ಲಿ, ಇಂದು ಆಟಿಕೆಯನ್ನು ಗೂಡಿನಲ್ಲಿಟ್ಟ ಕೈ ನಾಳೆ ರಾಘವಾಂಕನ ಕಾವ್ಯವನ್ನು ತೆರೆದೀತು.