ಬ್ರಾಹ್ಮಿ: ಹೆಸರೊಂದು, ಗಿಡವೆರಡು

ಕೊಚ್ಚಿಯಲ್ಲಿ ನೆಲೆಸಿರುವ ಕನ್ನಡಿಗರು ಮದ್ದಿನಂಗಡಿಯಲ್ಲಿ ಬ್ರಾಹ್ಮಿಯನ್ನು ಕೇಳಿದರೆ ದೊರೆಯುವುದು ಊರಿನ ಒಂದೆಲಗವಲ್ಲ. ಕರ್ನಾಟಕದಲ್ಲಿ ತಂಬುಳಿಗೆ ಅರೆಯುವ, ದುಂಡನೆಯ ಎಲೆಯ ಒಂದೆಲಗಕ್ಕೂ ಬ್ರಾಹ್ಮಿಯೆಂಬ ಹೆಸರು ರೂಢಿಯಲ್ಲಿದೆ; ಕರಾವಳಿಯವರಿಗೆ ಅದೇ ತಿಮರೆ. ಕೇರಳೀಯ ವೈದ್ಯರ ಬ್ರಾಹ್ಮಿಯಾದರೋ ಜೌಗುನೆಲದಲ್ಲಿ ಹಬ್ಬುವ, ದಪ್ಪನೆಯ ಕಿರಿಯೆಲೆಗಳ ನೀರುಬ್ರಾಹ್ಮಿ.

ಈ ಭೇದ ಹೊಸತಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ವೈದ್ಯರ ಹಾಗೂ ಮೂವರು ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿದ 'ಹೋರ್ಟುಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. ಅದರಲ್ಲಿಯೇ ಇವೆರಡೂ ಬೇರೆಬೇರೆ ಸಸ್ಯಗಳು. ಚೀನೀ ವೈದ್ಯರೂ ಒಂದೆಲಗವನ್ನು ಬಲ್ಲರು; ಆದರೆ ಅವರು ಅದನ್ನು ಬಳಸುವುದು ಮುಖ್ಯವಾಗಿ ಕಾಮಾಲೆಗೆ, ಹುಣ್ಣುಗಳಿಗೆ.

ನೆನಪಿನ ಶಕ್ತಿಯ ಕುರಿತು ಹೆಚ್ಚು ಪರೀಕ್ಷೆಗೊಳಗಾದುದು ನೀರುಬ್ರಾಹ್ಮಿಯೇ. ಆರೋಗ್ಯವಂತರು ಸುಮಾರು 12 ವಾರ ಸೇವಿಸಿದ ಮೇಲೆ ಅಲ್ಪ ಸುಧಾರಣೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಪರೀಕ್ಷೆಯ ಹಿಂದಿನ ವಾರ ಮಕ್ಕಳಿಗೆ ಕುಡಿಸುವ ತಾಯಂದಿರು ಇದನ್ನು ಗಮನಿಸಬೇಕು! ಆಲ್‌ಝೈಮರ್ ಕಾಯಿಲೆಯನ್ನು ಇದು ತಡೆಯುವುದೆಂಬುದಕ್ಕೆ ಆಧಾರವಿಲ್ಲ.

ಆದ್ದರಿಂದ ಮನೆಯ ಹಿರಿಯರು ಪರಿಚಿತ ದಾರಿಯನ್ನೇ ಮರೆಯತೊಡಗಿದಾಗ ತಲೆಗೆ ತೈಲ ತಟ್ಟುತ್ತ ಕಾಲ ಕಳೆಯುವುದು ಅಪಾಯಕರ. ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೂ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟು. ಬೇಗ ಗುರುತಿಸಿದರೆ ಇವಕ್ಕೆ ಚಿಕಿತ್ಸೆಯುಂಟು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಂತಹ ನರರೋಗ ಕೇಂದ್ರಗಳಲ್ಲಿ ತಪಾಸಣೆಯ ಸೌಲಭ್ಯವಿದೆ. ಬ್ರಾಹ್ಮಿಯನ್ನು ಸೇವಿಸುತ್ತಿದ್ದರೆ, ಅದು ಯಾವ ಬ್ರಾಹ್ಮಿಯೆಂಬುದನ್ನೂ ಅಲ್ಲಿನ ವೈದ್ಯರಿಗೆ ತಿಳಿಸತಕ್ಕದ್ದು.