ಸೋಲಿಲ್ಲದ ಸರದಾರ, ಸೊರಗಿದ ಸೀಮೆ

ತೆಲಂಗಾಣದ ಎಲ್ಲೆಗೆ ಆತುಕೊಂಡು, ತೊಗರಿ ಹತ್ತಿಗಳ ಒಣಬೇಸಾಯವನ್ನೇ ನೆಚ್ಚಿರುವ ಗುರುಮಠಕಲ್ ಕ್ಷೇತ್ರವು 1972ರಿಂದ 2004ರ ವರೆಗಿನ ಎಂಟು ವಿಧಾನಸಭಾ ಚುನಾವಣೆಗಳಲ್ಲಿಯೂ ಒಬ್ಬರನ್ನೇ ಆರಿಸಿ ಕಳುಹಿಸಿತೆಂಬುದು ಕರ್ನಾಟಕದ ರಾಜಕೀಯ ಚರಿತ್ರೆಯಲ್ಲಿ ಅತಿ ವಿರಳವಾದ ಸಂಗತಿ. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಈ ಸೀಮೆಯ ಜನರು ‘ಸೋಲಿಲ್ಲದ ಸರದಾರ’ನೆಂದು ಕರೆದ ಮಲ್ಲಿಕಾರ್ಜುನ ಖರ್ಗೆಯವರಾದರೋ ಆ ನೆಲದಲ್ಲಿ ಹುಟ್ಟಿದವರಲ್ಲ.

1942ರಲ್ಲಿ ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಜನಿಸಿದ ಅವರು, ಹೈದರಾಬಾದಿನ ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಅವನ ಪರ ನಿಂತ ಸಶಸ್ತ್ರ ಪಡೆಯ ರಜಾಕಾರರು ಹಚ್ಚಿದ ಬೆಂಕಿಗೆ ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡು, ತಂದೆ ಮಾಪಣ್ಣನವರ ಜೊತೆಯಲ್ಲಿ ಕಲಬುರಗಿಯನ್ನು ಸೇರಿದಾಗ ಇನ್ನೂ ಎಳೆಯ ಬಾಲಕರು. ಅಲ್ಲಿಯ ನೂತನ ವಿದ್ಯಾಲಯದಲ್ಲಿ ಓದಿ, ಕಾನೂನು ಪದವಿಯನ್ನು ಪಡೆದು, ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರಿಗೆ ಕಾನೂನು ಸಲಹೆಗಾರರಾಗಿದ್ದು, 1969ರಲ್ಲಿ ಕಾಂಗ್ರೆಸ್ಸನ್ನು ಸೇರಿದ ಮೂರೇ ವರ್ಷಗಳಲ್ಲಿ ಅವರು ಶಾಸಕರಾದರು. ಅಮೆರಿಕದ ಜನಪ್ರತಿನಿಧಿ ಸಭೆಯಲ್ಲಿ 1955ರಿಂದ 2015ರ ಆರಂಭದ ವರೆಗೆ ಕುಳಿತು ದಾಖಲೆಯನ್ನೇ ಸ್ಥಾಪಿಸಿದ ಮಿಷಿಗನ್ನಿನ ಜಾನ್ ಡಿಂಗೆಲ್ ತನ್ನ ತಂದೆಯಿಂದ ತೆರವಾದ ಸ್ಥಾನಕ್ಕೆ ಬಂದವನು. ಖರ್ಗೆಯವರಿಗೆ ಅಂತಹ ಪಿತ್ರಾರ್ಜಿತವಿರಲಿಲ್ಲ. ಆದರೆ ಇಂದು ಅವರ ಮಗ ಪ್ರಿಯಾಂಕ್ ಚಿತ್ತಾಪುರದ ಶಾಸಕರು, ಅಳಿಯ ರಾಧಾಕೃಷ್ಣ ದೊಡ್ಡಮನಿಯವರು 2024ರಿಂದ ಕಲಬುರಗಿಯ ಸಂಸದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ದೇವರಾಜ ಅರಸು, ಗುಂಡೂರಾವ್, ಎಸ್.ಎಂ. ಕೃಷ್ಣ ಮೊದಲಾದವರ ಮಂತ್ರಿಮಂಡಲಗಳಲ್ಲಿ ಪ್ರಾಥಮಿಕ ಶಿಕ್ಷಣ, ಗ್ರಾಮೀಣಾಭಿವೃದ್ಧಿ, ಕಂದಾಯ, ಗೃಹ ಮುಂತಾದ ಖಾತೆಗಳನ್ನು ನಿರ್ವಹಿಸಿದರೂ ಮುಖ್ಯಮಂತ್ರಿಯ ಪದವಿ ಅವರಿಗೆ ಒದಗಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದುದರಿಂದ 2008ರಲ್ಲಿ ಚಿತ್ತಾಪುರಕ್ಕೆ ಹೋಗಿ ಗೆದ್ದು, ಮರುವರ್ಷ ಲೋಕಸಭೆಯನ್ನು ಪ್ರವೇಶಿಸಿ, ಕೇಂದ್ರದಲ್ಲಿ ಕಾರ್ಮಿಕ ಸಚಿವರೂ ಬಳಿಕ ರೈಲ್ವೆ ಸಚಿವರೂ ಆದರು. ಸಾಲಾಗಿ ಹನ್ನೊಂದು ಗೆಲುವುಗಳನ್ನು ಕಂಡವರು ಮೊದಲ ಬಾರಿಗೆ ಸೋತದ್ದು 2019ರಲ್ಲಿ, ಬಿಜೆಪಿಯ ಉಮೇಶ ಜಾಧವರೆದುರು. ಆ ಸೋಲಿನಿಂದ ಅವರ ರಾಜಕೀಯ ಜೀವನ ಮುಗಿಯಲಿಲ್ಲ: 2022ರ ಅಕ್ಟೋಬರಿನಲ್ಲಿ ಶಶಿ ತರೂರರನ್ನು 1072ಕ್ಕೆ ಪ್ರತಿಯಾಗಿ 7897 ಮತಗಳಿಂದ ಸೋಲಿಸಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

ಇಷ್ಟೆಲ್ಲ ಪದವಿಗಳಿಗಿಂತಲೂ ಈ ಸೀಮೆಯ ಮನೆಮನೆಗೆ ಮುಟ್ಟಿರುವುದು, ನಿಜಾಮನ ಆಳ್ವಿಕೆಯಲ್ಲಿದ್ದ ಈ ಭಾಗಕ್ಕೆ ವಿಶೇಷ ಸೌಲಭ್ಯಗಳನ್ನು ಕೊಡುವ ಸಂವಿಧಾನದ 371(ಜೆ) ವಿಧಿ. ನಿಜಾಮನ ರಾಜ್ಯದ ಮತ್ತೊಂದು ತುಣುಕಾದ ತೆಲಂಗಾಣವನ್ನು ಆಗ ಒಳಗೊಂಡಿದ್ದ ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯೇ ವಿಶೇಷ ಸೌಲಭ್ಯಗಳನ್ನು ಕೊಟ್ಟಿರಲು, ಗಡಿಯ ಈಚೆಗಿನ ಕನ್ನಡಿಗರು ಅಂಥವಕ್ಕಾಗಿ ದಶಕಗಳ ಕಾಲ ಕಾದರು. ವೈಜನಾಥ ಪಾಟೀಲರಂಥವರು ಬೀದಿಗಿಳಿದು ಹೋರಾಡಿದರು. ಖರ್ಗೆಯವರು ದೆಹಲಿಯ ಅಧಿಕಾರಸ್ಥಾನದಿಂದ ಆ ಬೇಡಿಕೆಯನ್ನು ಮುಂದೊತ್ತಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಅದರನ್ವಯ ಹೊರಟ ಆದೇಶಗಳ ಪ್ರಕಾರ ಈ ಭಾಗದ ಶಿಕ್ಷಣಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳೂ, ಪ್ರಾದೇಶಿಕ ಹುದ್ದೆಗಳ ಪೈಕಿ ಸಿ ವೃಂದದಲ್ಲಿ ಶೇ. 80, ಡಿ ವೃಂದದಲ್ಲಿ ಶೇ. 85ರಷ್ಟೂ ಸ್ಥಳೀಯರಿಗೆ ಮೀಸಲಾದುವು. ಇಂದು ಶಹಾಪುರದಲ್ಲಿಯೋ ಸುರಪುರದಲ್ಲಿಯೋ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಶಾಲಾ ದಾಖಲೆಗಳ ಕಟ್ಟನ್ನು ಹಿಡಿದು ನಾಡಕಚೇರಿಗೆ ಹೋಗಿ, ಸಹಾಯಕ ಆಯುಕ್ತರ ಸಹಿಯುಳ್ಳ ‘371 ಜೆ ಸರ್ಟಿಫಿಕೇಟ್’ ಪಡೆದು ಕೌನ್ಸೆಲಿಂಗಿಗೆ ಹೊರಡುತ್ತಾಳೆ. ಅದಕ್ಕೆ ಯಾವ ಸಾಹೇಬರ ಶಿಫಾರಸ್ಸೂ ಬೇಕಿಲ್ಲ.

ಹಾಗೆಂದು ಲೆಕ್ಕ ಚುಕ್ತವಾಯಿತೆಂದು ಹೇಳಲಾಗದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದ ಎಲ್ಲ ಜಿಲ್ಲೆಗಳಿಗಿಂತಲೂ ಕಡಿಮೆ. ಕೃಷ್ಣೆಯ ಎಡದಂಡೆ ಕಾಲುವೆ ಶಹಾಪುರ ಸುರಪುರಗಳ ಹೊಲಗಳಲ್ಲಿ ಭತ್ತ ಬೆಳೆಸಿತಾದರೂ, ಮಳೆಯನ್ನೇ ನಂಬಿದ ಊರುಗಳ ಜನ ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೂ ಹೈದರಾಬಾದಿಗೂ ಗುಳೆ ಹೋಗುವುದು ನಿಂತಿಲ್ಲ. ಎಂಟು ಬಾರಿ ಕೊಟ್ಟ ವಿಶ್ವಾಸಕ್ಕೆ ಈ ಬಡತನವೇ ಪ್ರತಿಫಲವೋ ಎಂದು ಮತದಾರನು ಕೇಳಿದರೆ ತಪ್ಪೆನ್ನುವಂತಿಲ್ಲ. ಆದರೂ, ನಾಯಕನ ಕೃಪೆಯಿಂದ ದೊರೆಯುವುದು ಅವನ ಕಾಲಕ್ಕೇ ಮುಗಿಯುವುದು. ಹಕ್ಕಾಗಿ ಬಂದುದನ್ನು ಅವನ ವಿರೋಧಿಗೆ ಮತ ಹಾಕಿದವನೂ ಕೇಳಿ ಪಡೆಯಬಹುದು. ಖರ್ಗೆಯವರ ಐದು ದಶಕಗಳ ಸಾರ್ವಜನಿಕ ಜೀವನವನ್ನು ಯಾದಗಿರಿಯ ಜನ ಅಳೆಯುವುದಾದರೆ ಈ ಅಳತೆಯಿಂದಲೇ ಅಳೆಯಬೇಕು.